ನಿಂಬೆಹಣ್ಣು ತುಳಿಯದ ಕಾರು

ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿದರೂ ಹೊಸ ಕಾರು ಹೊರಡಲಿಲ್ಲ. "ನನ್ನ ಬ್ರೇಕು ಇನ್ನೂ ಸರಿಯಿಲ್ಲ" ಎಂದಿತು. ಕಾರುಗಳು ತಮ್ಮ ದೋಷ ತಾವೇ ಹೇಳುವ ಕಾಲವದು. ಕೋಲಾರದ ಕಾರ್ಖಾನೆಯ ಮ್ಯಾನೇಜರ್ ಮುನಿಶಾಮಪ್ಪನವರಿಗೆ ರೇಗಿತು.

"ಹೊರದೇಶದವರು ಕಾರಿನ ಬಾಯಿ ಮುಚ್ಚಿಸಿ ಅಗ್ಗಕ್ಕೆ ಮಾರ್ತಾರೆ. ನಾವು ನಮ್ಮ ಹುಳುಕಿಗೆ ಡಂಗುರ ಹೊಡ್ಕೊಂಡು ಕೂತಿದ್ದೀವಿ. ಇದರ ಬಾಯೂ ಮುಚ್ಚಿಸಮ್ಮ!"

ತಪಾಸಣೆ ಮಾಡುವ ನಸೀಮಾ ಕಾರಿನ ಮಾತು ನಿಲ್ಲಿಸಲು ಅದರ ವೈರನ್ನು ಕೈಗೆತ್ತಿಕೊಂಡಳು. "ಆಯ್ತು ಸರ್. ನಿಮ್ಮದೂ ಹೊರದೇಶದ ಕಾರೇ ಅಲ್ವಾ? ಏನೂ ಹೇಳಲ್ವಾ ಅದು?"

"ತಂದಾಗಿನಿಂದ ಒಂದು ಮಾತೂ ಆಡಿಲ್ಲ!" ಎಂದು ಹೆಮ್ಮೆಯಿಂದ ಹೇಳಿದವರು, ಹೊರಗೆ ನಿಲ್ಲಿಸಿದ್ದ ತಮ್ಮ ಕಾರಿನತ್ತ ತಿರುಗಿ ನೋಡಿದರು.

"ವೈರು ಬಿಡು, ಇದರ ಬ್ರೇಕು ಬಿಚ್ಚಿ ನೋಡಮ್ಮ" ಎಂದರು ಮೆಲ್ಲಗೆ.

ಅಂದು ಸಂಜೆ ಮುನಿಶಾಮಪ್ಪನವರು ತಮ್ಮ ಕಾರಿನ ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಕಂಪನಿ ಬಸ್ಸು ಹತ್ತಿದರು.