ಅಮ್ಮ ಗೊತ್ತು ಮಾಡಿದವರು

ಅಮ್ಮನ ಮನೆಗೆ ಬಂದವರು ಅಗಲ ಅಲಗಿನ ಚಾಕುವನ್ನು ಸೌತೆಕಾಯಿಯ ಮೇಲೆ ಅಡ್ಡಡ್ಡ ಮಲಗಿಸಿ ಅಂಗೈಯಿಂದ ಒಂದೇಟು ಹಾಕಿದರು. ಪಟ್ಟೆಂದು ಕಾಯಿ ಸೀಳಿತು. ಎದುರಿಗೆ ಕೂತಿದ್ದ ಮಗಳು ಬೆಚ್ಚಿದಳು.

"ಹೆಚ್ಚೋದು ಬಿಟ್ಟು ಚಚ್ತಾ ಇದ್ದೀರಲ್ಲ?"

"ಹೆಚ್ಚಿದ್ರೆ ನುಣುಪಾಗಿರುತ್ತೆ, ರಸ ಜಾರಿಹೋಗುತ್ತೆ. ಚಚ್ಚಿದ್ರೆ ಸಂದಿಗೊಂದಿಗೆಲ್ಲ ಹಿಡಿಯುತ್ತೆ. ಚೀನೀಯರು ಹೀಗೇ ಮಾಡೋದು."

'ಕಾರಣ ತಿಳಿದು ಕೆಲಸ ಮಾಡುತ್ತಾರೆ' ಎಂದು ಮಗಳು ಬರೆದುಕೊಂಡಳು. ಅವಳು ನೂಲಿನ ಕಾರ್ಖಾನೆಯಲ್ಲಿ ಸಿಬ್ಬಂದಿ ಅಧಿಕಾರಿ. ಹದಿನಾರು ವರ್ಷಗಳಿಂದ ಕೆಲಸ ಕೇಳಿಕೊಂಡು ಬಂದವರನ್ನು ಎದುರಿಗೆ ಕೂರಿಸಿಕೊಂಡು ಅಳೆಯುವುದೇ ಅವಳ ಕಸುಬು. ಕುರ್ಚಿ ಎಳೆದುಕೊಳ್ಳುವ ರೀತಿಯಲ್ಲೇ ಮನುಷ್ಯ ಎಂಥವನೆಂದು ಹೇಳಬಲ್ಲೆ ಎಂಬುದು ಅವಳ ನಂಬಿಕೆ.

ಅಮ್ಮ ಮೆಟ್ಟಿಲಲ್ಲಿ ಜಾರಿ ಎಡಗೈ ಮುರಿದುಕೊಂಡು ಆರು ವಾರವಾಗಿತ್ತು. ಗ್ರಂಥಾಲಯದಿಂದ ನಿವೃತ್ತಳಾದ ಮೇಲೆ ಅವಳು ಒಬ್ಬಳೇ ಇದ್ದಳು. ಮಗಳು ಊರಿನ ಆ ತುದಿಯಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಬೇಯಿಸಿಟ್ಟು ಹೋಗುತ್ತಿದ್ದಳು. ಇದು ಹೀಗೇ ನಡೆದರೆ ತನ್ನ ಕೆಲಸ ಹೋಗುತ್ತದೆ ಎಂದು ಮೂವರು ಅಡುಗೆಯವರನ್ನು ಹುಡುಕಿ ಕಳಿಸಿದ್ದಳು. ಮೊದಲನೆಯವರು ಗುನುಗುತ್ತಾರೆ ಎಂದು ಅಮ್ಮ ನಾಲ್ಕೇ ದಿನಕ್ಕೆ ಕಳಿಸಿಬಿಟ್ಟಳು. ಎರಡನೆಯವರು ಬಾಯೇ ಬಿಡುವುದಿಲ್ಲ ಎಂದಳು. ಮೂರನೆಯವರು ಬಾಯಿ ಮುಚ್ಚುವುದಿಲ್ಲ ಎಂದಳು.

ಹೋದ ವಾರ ಅಮ್ಮನೇ ಫೋನ್ ಮಾಡಿದ್ದಳು. "ಮನೆಗೆ ನಾನೇ ಒಬ್ಬರನ್ನ ಗೊತ್ತು ಮಾಡಿದೀನಿ. ಭಾನುವಾರ ಬರ್ತಾರೆ. ನೀನೂ ಒಂದ್ಸಲ ನೋಡಿಬಿಡು. ಒರಟಾಗಿ ಮಾತಾಡಬೇಡ."

ಸಂದರ್ಶನದ ಹೊತ್ತಿಗೆ ನೀನು ಇರಕೂಡದು ಎಂದು ಮಗಳು ಕಟ್ಟಪ್ಪಣೆ ಮಾಡಿದ್ದಳು. ಅಮ್ಮ ಸರಿ ಅಂದು ಪಕ್ಕದ ಕೋಣೆ ಸೇರಿಕೊಂಡಿದ್ದಳು. ಅಮ್ಮ ಅಷ್ಟು ಸುಲಭವಾಗಿ ಯಾವುದಕ್ಕೂ ಒಪ್ಪಿದ್ದು ಮಗಳಿಗೆ ನೆನಪಿರಲಿಲ್ಲ.

ಬಂದವರು ಸೌತೆಕಾಯಿ ತುಂಡುಗಳಿಗೆ ಉಪ್ಪು, ಚಿಟಿಕೆ ಸಕ್ಕರೆ ಉದುರಿಸಿ ಜರಡಿಯಲ್ಲಿಟ್ಟರು. ನೀರು ಇಳಿಯಲು ಹದಿನೈದು ನಿಮಿಷ. ಮಗಳಿಗೆ ಅಷ್ಟು ಸಾಕಿತ್ತು.

"ಮೊದಲು ಎಷ್ಟು ವರ್ಷ ಇದ್ರಿ?"

"ಮೂವತ್ತೊಂದು."

"ಒಂದೇ ಮನೇಲಿ?"

"ಬೇರೆ ಕಡೆ ನೋಡ್ಬೇಕು ಅನ್ನಿಸ್ಲೇ ಇಲ್ಲ."

"ಮತ್ಯಾಕೆ ಬಿಟ್ರಿ?"

"ನಾನು ಬಿಡ್ಲಿಲ್ಲ. ಅವರೇ ಹೋದ್ರು. ನಾಲ್ಕು ವರ್ಷ ಆಯ್ತು."

"ಅವರ ಹತ್ರ ನಿಮ್ಮ ಬಗ್ಗೆ ಒಂದು ಮಾತು ಕೇಳಬಹುದಾ?"

ಬಂದವರು ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದರು.

"ಕೇಳೋ ಹಾಗಿದ್ದಿದ್ರೆ ಒಳ್ಳೇದೇ ಹೇಳ್ತಿದ್ರು ಅನ್ಕೋತೀನಿ."

'ವಿಚಾರಿಸಲು ಯಾರೂ ಸಿಗುವುದಿಲ್ಲ' ಎಂದು ಬರೆದು ಮಗಳು ಅದರ ಕೆಳಗೆ ಗೆರೆ ಎಳೆದಳು. ಇಸ್ತ್ರಿ ಮಾಡಿದ ಅಂಗಿ, ಮಿರುಗುವ ಬೂಟು. ಬಂದಾಗಿನಿಂದ ಒಂದು ಸಲವೂ ಮೇಡಂ ಅಂದಿರಲಿಲ್ಲ. ಸ್ವಲ್ಪ ಜಂಬ ಇರಬಹುದು. ಆದರೆ ಕೈ ಪಳಗಿದ್ದು. ಎಳ್ಳೆಣ್ಣೆ ಎಲ್ಲಿದೆ ಎಂದು ಕೇಳದೆ ಮೂರನೇ ಕಪಾಟಿಗೇ ಕೈ ಹಾಕಿ ತೆಗೆದಿದ್ದರು.

"ಬೆಳ್ಳುಳ್ಳಿ ನೋಡ್ಕೊಂಡು ಹಾಕಿ. ಅಮ್ಮನಿಗೆ..."

"ಹಸೀದಾದ್ರೆ ಎದೆ ಉರಿಯುತ್ತೆ. ಒಂದೇ ಎಸಳು ಸಾಕು."

"ಅಮ್ಮನಿಗೆ ಮೂಗಿನ ತುದೀಲೇ ಕೋಪ. ತಟ್ಟೆ ತಳ್ಳಿ ಎದ್ದುಬಿಡ್ತಾರೆ. ತಡ್ಕೋತೀರಾ?"

"ನಾಲ್ಕು ವರ್ಷದಿಂದ ನನ್ನ ಎದುರಿಗೆ ಯಾರೂ ತಟ್ಟೆ ಇಟ್ಕೊಂಡು ಕೂತಿಲ್ಲ. ತಳ್ಳಿದ್ರೂ ತಳ್ಳಲಿ."

"ವಾರಕ್ಕೊಂದು ರಜೆ?"

"ರಜೆ ತಗೊಂಡು ಎಲ್ಲಿಗೆ ಹೋಗ್ಲಿ?"

"ರಾತ್ರಿ ಇಲ್ಲೇ ಉಳ್ಕೋಬೇಕಾಗಬಹುದು."

ಚಮಚ ಕೈಜಾರಿ ಠಣ್ಣೆಂದು ನೆಲಕ್ಕೆ ಬಿತ್ತು. ಬಂದವರು ಬಗ್ಗಿ ಎತ್ತಿಕೊಂಡು ಏಳುವಷ್ಟರಲ್ಲಿ ಕಿವಿ ಕೆಂಪಾಗಿತ್ತು.

"ಅದು... ನಿಮ್ಮಮ್ಮ ಹೇಗೆ ಹೇಳ್ತಾರೋ ಹಾಗೆ."

ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮಿದರು.

ಇಳಿದ ನೀರು ಚೆಲ್ಲಿ, ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಎಳ್ಳೆಣ್ಣೆ, ಮೇಲೆ ಕೆಂಪಗೆ ಒಣಮೆಣಸಿನ ಎಣ್ಣೆ ಬಿಟ್ಟು ಅವರು ಎಲ್ಲವನ್ನೂ ಕಲಸಿದರು. ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತಂದರು. ಮಗಳು ಒಂದು ತುಂಡು ಬಾಯಿಗಿಟ್ಟಳು. ತಣ್ಣಗಿತ್ತು. ಕರುಂ ಎಂದಿತು. ಮೊದಲು ಹುಳಿ, ಹಿಂದೆಯೇ ಖಾರ. ಪೆನ್ನು ಕೆಳಗಿಟ್ಟು ಇನ್ನೊಂದು ತುಂಡು ತೆಗೆದುಕೊಂಡಳು. ಆರು ವಾರದಲ್ಲಿ ಬೇರೆಯವರು ಮಾಡಿಕೊಟ್ಟದ್ದನ್ನು ಕೂತು ತಿಂದದ್ದು ಇದೇ ಮೊದಲು.

"ಅಮ್ಮಾ, ಬಾ."

ಅಮ್ಮ ತಲೆ ಬಾಚಿಕೊಂಡು ಬಂದಳು. ಕೂತು ಎರಡು ಸಲ ಬಡಿಸಿಕೊಂಡಳು. ತಟ್ಟೆ ತಳ್ಳಲಿಲ್ಲ.

"ಏನು ಹೇಳ್ತೀಯ? ನಿನಗೆ ಒಪ್ಪಿಗೇನಾ?" ಅಂದಳು.

"ಒಪ್ಪಿಗೆ," ಎಂದಳು ಮಗಳು. ಎದೆಯ ಮೇಲಿನ ಭಾರ ಇಳಿದಂತಿತ್ತು. ಆದರೂ ಕಸುಬಿನ ಅಭ್ಯಾಸ ಬಿಡಲಿಲ್ಲ. "ಮೊದಲ ಮೂರು ತಿಂಗಳು ನೋಡೋಣ. ಹೊಂದಿಕೆ ಆಗದಿದ್ರೆ ಇವರನ್ನ ಬಿಡಿಸಿ ಬೇರೆಯವರನ್ನ ಗೊತ್ತು ಮಾಡೋಣ."

ಬಂದವರು ಅಮ್ಮನ ಮುಖ ನೋಡಿದರು. ಅಮ್ಮ ನಿಧಾನವಾಗಿ ಬಾಯಿ ಒರೆಸಿಕೊಂಡಳು.

"ಹಾಗೆಲ್ಲ ಮೂರು ತಿಂಗಳಿಗೆ ಬಿಡ್ಸೋಕೆ ಬರಲ್ಲ ಪುಟ್ಟಿ. ಬುಧವಾರ ರಿಜಿಸ್ಟ್ರಾರ್ ಎದುರಿಗೆ ಇಬ್ಬರೂ ಸಹಿ ಹಾಕಿ ಬಂದಿದೀವಿ."