ದನಿ ಯಾರದು?

ಕಾಂತರಾಜ್ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಶಶಿಧರನ ಸ್ಟುಡಿಯೊ ಮದುವೆ ಮನೆಯ ಹಾಗೆ ತುಂಬಿತ್ತು. ರಾಬರ್ಟ್‌ಸನ್‌ಪೇಟೆಯ ಪಾತ್ರೆ ಅಂಗಡಿಯ ಮೇಲಿನ ಆ ಒಂದೇ ಕೋಣೆಯಲ್ಲಿ ನಿನ್ನೆಯವರೆಗೆ ಕೂತು ವಿಡಿಯೊ ಗೇಮ್ ಮಾಡುತ್ತಿದ್ದವರು ಇಬ್ಬರೇ, ಶಶಿಧರ ಮತ್ತು ಅವನ ಜೊತೆಗಾರ್ತಿ ಶ್ಯಾಮಲ. ಇವತ್ತು ಬೂದಿಕೋಟೆಯಿಂದ ಬಂದಿಳಿದ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು ಇಸ್ತ್ರಿ ಅಂಗಿ ತೊಟ್ಟು, ಬಾಡಿಗೆಗೆ ತಂದ ಕಂಪ್ಯೂಟರುಗಳ ಮುಂದೆ ಗಂಭೀರವಾಗಿ ಕೂತಿದ್ದರು. ಆಟೊ ಓಡಿಸುವ ಸುಧಾಕರನಂತೂ ಎಲ್ಲಿಗೂ ಸಿಕ್ಕಿಸದ ಕೀಬೋರ್ಡನ್ನು ಟಕಟಕ ಕುಟ್ಟುತ್ತಿದ್ದ.

ಗೇಮ್ ಆಡುವ ಯಂತ್ರ ತಯಾರಿಸುವ ಎರಡು ದೊಡ್ಡ ಕಂಪನಿಗಳಿಗೆ ಹಾವು ಮುಂಗುಸಿ ಹಗೆ. ಒಳ್ಳೆಯ ಗೇಮುಗಳು ತನ್ನ ಯಂತ್ರದಲ್ಲಿ ಮಾತ್ರ ಸಿಗಬೇಕೆಂದು ಎರಡೂ ಕಂಪನಿಗಳು ಸಣ್ಣಪುಟ್ಟ ಸ್ಟುಡಿಯೊಗಳನ್ನು ಕೊಳ್ಳುತ್ತಾ ಹೊರಟಿದ್ದವು. ಮೊದಲ ಕಂಪನಿಯವನು ವಿಡಿಯೊ ಕರೆಯಲ್ಲೇ ಕೋಣೆ ನೋಡಿ, "ಇಬ್ಬರೇನಾ? ನಾವು ಕೆರೆಗೆ ಕೆರೆಯನ್ನೇ ಕೊಳ್ಳೋರಪ್ಪ, ಒಂದೊಂದೇ ಮೀನು ಹಿಡಿಯೋದಿಲ್ಲ," ಎಂದು ನಕ್ಕು ಕರೆ ಮುಗಿಸಿದ್ದ. ಆ ನಗು ಶಶಿಧರನಿಗೆ ಮುಳ್ಳಿನಂತೆ ನಾಟಿಕೊಂಡಿತ್ತು. ಎರಡನೆಯ ಕಂಪನಿಯ ರೀತಿ ಬೇರೆ. ಅದು ವರ್ಷವೆಲ್ಲ ಇವರ ಗೇಮನ್ನು ಆಡಿ ನೋಡಿ, ಈಗ ಮಾಡಿದವರನ್ನು ನೋಡಬೇಕೆಂದು ಕಾಂತರಾಜನನ್ನು ಬೆಂಗಳೂರಿನಿಂದ ಕಳಿಸಿತ್ತು. ಇದೂ ಕೈ ಬಿಟ್ಟರೆ ಸ್ಟುಡಿಯೊ ಮುಚ್ಚುವುದೊಂದೇ ದಾರಿ. ಹೆಣ್ಣು ನೋಡಲು ಬರುವವರ ಮುಂದೆ ಪಕ್ಕದ ಮನೆಯ ಸರ ಹಾಕಿಕೊಳ್ಳುವವರುಂಟು. ಶಶಿಧರ ಜನರನ್ನೇ ಎರವಲು ತಂದ. "ಬೇಡ ಕಣೋ," ಎಂದು ಶ್ಯಾಮಲ ಹೇಳಿದ್ದು ಗೋಡೆಗೆ ಹೇಳಿದಂತಾಯಿತು.

ಊರಿನವರನ್ನೆಲ್ಲ ಮೇಲೆ ಕೂರಿಸಿದವನು ಒಬ್ಬಳನ್ನು ಮಾತ್ರ ಕೆಳಗೇ ಬಿಟ್ಟಿದ್ದ. ಹೆತ್ತ ತಾಯಿ ಚೌಡಮ್ಮನನ್ನು. "ಅಂಗಡಿ ಹಿಂದಿನ ಮನೇಲಿ ಎಲ್ಲರಿಗೂ ಅಡುಗೆ ಮಾಡ್ತಿರಮ್ಮ, ಮೇಲಕ್ಕೆ ಮಾತ್ರ ಬರಬೇಡ," ಎಂದಿದ್ದ. ಬೆಳಿಗ್ಗೆ ಹಸು ಕರೆದು ಹಾಗೇ ಬಸ್ಸು ಹತ್ತಿ ಬಂದವಳ ಸೀರೆಯಲ್ಲಿ ಕೊಟ್ಟಿಗೆಯ ವಾಸನೆಯಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವನಿಗೆ ನಾಚಿಕೆಯಾಗಿತ್ತು.

ಕಾಂತರಾಜ್ ಕಂಪ್ಯೂಟರುಗಳ ಸಾಲನ್ನು ಒಮ್ಮೆ ನೋಡಿ ಸುಧಾಕರನ ಹತ್ತಿರ ನಿಂತ. "ನೀವು ಏನು ನೋಡ್ಕೋತೀರಿ?"

"ನಾನಾ ಸಾ? ಅಣ್ಣ ಏನ್ ಯೋಳ್ತಾನೋ ಅದು," ಎಂದ ಸುಧಾಕರ, ಕುಟ್ಟುವುದನ್ನು ನಿಲ್ಲಿಸದೆ.

ಕಾಂತರಾಜ್ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. "ಶಶಿಧರ್, ತಲೆ ಎಣಿಸೋಕೆ ನಾನು ಬಂದಿಲ್ಲ. ನಮ್ಮವರು ಬರೀ ಗೇಮ್ ಕೊಳ್ಳಲ್ಲ, ಅದನ್ನ ಮಾಡಿದವರನ್ನ ಜೊತೆಗೆ ಸೇರಿಸ್ಕೋತಾರೆ. ನಿಮ್ಮ ಗೇಮಲ್ಲಿ ಗಣಿ ಒಳಗೆ ಕರು ಹುಡುಕೋ ಅಜ್ಜಿ ಇದ್ದಾರಲ್ಲ, ನಾವು ದಾರಿ ತಪ್ಪಿದಾಗ 'ಎಲ್ಲಿಗ್ ಓದ್ಯೋ ನನ್ ಕಂದಾ, ಒತ್ತಾತು ಬಾರೋ' ಅಂತ ಕರೀತಾರಲ್ಲ, ಅದನ್ನ ಕೇಳೋಕೇ ನಾನು ಬೇಕಂತ ದಾರಿ ತಪ್ತೀನಿ. ಆ ದನಿ ಯಾರದು?"

ಅದು ಚೌಡಮ್ಮನದು. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವಳ ಮುಂದೆ ಮೊಬೈಲು ಹಿಡಿದು ಶಶಿಧರನೇ ಮಾತಾಡಿಸಿ ದನಿ ಮುದ್ರಿಸಿಕೊಂಡಿದ್ದ. ಆ ಮಾತುಗಳನ್ನೂ ಅವನು ಬರೆದುಕೊಟ್ಟಿರಲಿಲ್ಲ, ಚಿಕ್ಕಂದಿನಲ್ಲಿ ಅವಳು ಅವನನ್ನು ಹಾಗೇ ಕರೆಯುತ್ತಿದ್ದಳು. ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವನ ಕಣ್ಣ ಮುಂದೆ ಬಂದದ್ದು ಆ ಬರಿಗಾಲು.

"ಬೆಂಗಳೂರಿನ ನಾಟಕದವರು ಸಾರ್. ದುಡ್ಡು ಕೊಟ್ಟು ಕರೆಸಿದ್ವಿ."

ಶ್ಯಾಮಲ ತಟ್ಟನೆ ತಲೆಯೆತ್ತಿ ಅವನನ್ನು ನೋಡಿದಳು. ಅಷ್ಟರಲ್ಲಿ ಮೆಟ್ಟಿಲಿನಿಂದ ಕೂಗು ಬಂತು. ಮುದ್ದೆ ಆರುತ್ತದೆ ಎಂದರೆ ಚೌಡಮ್ಮ ದೇವರ ಮಾತನ್ನೂ ಕೇಳುವವಳಲ್ಲ.

"ಎಲ್ಲಿಗ್ ಓದ್ರೋ ನನ್ ಕಂದಗಳಾ, ಒತ್ತಾತು ಬರ್ರೋ!"

ಸುಧಾಕರನ ಕೀಬೋರ್ಡಿನ ಟಕಟಕ ನಿಂತಿತು. ಮುದ್ದೆಯ ಪುಟ್ಟಿ ಹೊತ್ತು ಬಾಗಿಲಿಗೆ ಬಂದವಳನ್ನು ನೋಡಿ ಕಾಂತರಾಜ್ ಎದ್ದು ನಿಂತು ಕೈ ಮುಗಿದ.

"ಅಮ್ಮ, ಈ ಗೇಮಿನ ಅಜ್ಜಿ ದನಿ ನಾಟಕದವರದು, ದುಡ್ಡು ಕೊಟ್ಟು ಕರೆಸಿದ್ದು ಅಂತ ಇವರು ಹೇಳ್ತಿದ್ದಾರೆ. ನೀವು ಯಾರು?"

ಚೌಡಮ್ಮ ಮಗನ ಮುಖ ನೋಡಿದಳು. ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದ ಹುಡುಗನ ಮುಖ ಅದು, ಅವಳಿಗೆ ಹಳೆಯ ಪರಿಚಯ. ಪುಟ್ಟಿ ಇಳಿಸಿ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ನಾನು ಇವ್ರ ಆಪೀಸ್ನಾಗೆ ಅಡ್ಗೆ ಮಾಡೋಳು ಸಾಮಿ. ಆಟ ಗೀಟ ನಂಗೇನ್ ಗೊತ್ತು?"

ಶಶಿಧರನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಈ ನಾಚಿಕೆ ಬೆಳಗಿನ ನಾಚಿಕೆಯಲ್ಲ, ಇದಕ್ಕೆ ಅವಳು ಕಾರಣಳಲ್ಲ.

ಕಾಂತರಾಜ್ ಅವನ ಕಡೆ ತಿರುಗಿದ. ದನಿ ಏರಿಸಲಿಲ್ಲ. "ಶಶಿಧರ್, ಇನ್ನೊಂದು ಸಲ ಕೇಳ್ತೀನಿ. ಆ ದನಿ ಯಾರದು?"

ಶಶಿಧರ ಬಾಯಿ ತೆರೆದ. "ಅದು ಸಾರ್, ಅದು..." ಅವನು ತಡವರಿಸುವುದನ್ನು ಕಂಡು, ಮಗನ ಮಾನ ಉಳಿಸಲು ಚೌಡಮ್ಮ ನಡುವೆ ಬಂದಳು. ಎಲೆ ಹಾಸಿ, ಬಗ್ಗಿ ಬಿಸಿ ಮುದ್ದೆಯೊಂದನ್ನು ಮಗನ ಮುಂದೆ ಹಿಡಿದು, ತಲೆ ತಗ್ಗಿಸಿ ಕೇಳಿದಳು:

"ನಿಮ್ಗೆ ಇಕ್ಲಾ, ಸಾರ್?"