ಪ್ಲೇಗಿನ ಸನ್ಯಾಸಿಗಳಿಗೊಂದು ಬೃಂದಾವನ

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ನಕ್ಷೆ ಮೂಡಿದ್ದೇ ತಡ, ದೋಹಾದ ಆ ಏಸಿ ಕೋಣೆಯಲ್ಲೂ ತಿರುಮಲೇಶನಿಗೆ ಕೊಡಗಟ್ಟಲೆ ಬೆವರು ಕಿತ್ತುಕೊಂಡಿತು. ಸಮಾಧಿಯ ಸುಳಿವಿಲ್ಲ, ಶಿಲುಬೆಯ ನೆರಳಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರು, ಕೆಂಪು ಹಸಿರು ದೀಪ, ಹಾಡಿಗೆ ಕುಣಿಯುವ ಕಾರಂಜಿ, ಪಕ್ಕದಲ್ಲೊಂದು ಐಸ್‌ಕ್ರೀಂ ಗಾಡಿ.

ವಿಡಿಯೋ ಕರೆಯಲ್ಲಿ ಅದನ್ನು ನೋಡುತ್ತಿದ್ದವರು ಇಂಗ್ಲೆಂಡಿನ ಒಂದು ಮಠದ ಹಿರಿಯ ಸನ್ಯಾಸಿ. ಆರು ಶತಮಾನಗಳ ಹಿಂದೆ ಪ್ಲೇಗಿಗೆ ಸಿಕ್ಕಿ ಸಾಲುಸಾಲಾಗಿ ಸತ್ತ ತಮ್ಮ ಮಠದವರಿಗೊಂದು ಸ್ಮಾರಕ ಬೇಕೆಂದು ಭೂಮಂಡಲವನ್ನೆಲ್ಲ ಜಾಲಾಡಿ, ಕೊನೆಗೆ ದೋಹಾದ ಅಲ್ ಮುಂತಜಾ ಬಡಾವಣೆಯ ಈ ಉದ್ಯಾನ ವಿನ್ಯಾಸದ ಆಫೀಸನ್ನು ಹಿಡಿದಿದ್ದರು. ಸನ್ಯಾಸಿಗಳ ವಿಷಯದಲ್ಲಿ ತನ್ನಷ್ಟು ತಿಳಿದವನು ಒಂಟೆ ಹತ್ತಿ ಇಡೀ ಕೊಲ್ಲಿ ಸುತ್ತಿದರೂ ಸಿಗುವುದಿಲ್ಲ, ತನ್ನ ಮನೆಯಲ್ಲಿ ಪಾದಪೂಜೆ ಮಾಡಿಸಿಕೊಳ್ಳದ ಸ್ವಾಮಿಗಳು ಇನ್ನೂ ಹುಟ್ಟಬೇಕಷ್ಟೆ ಎಂದು ತಿರುಮಲೇಶ್ ಕೊಚ್ಚಿಕೊಂಡಿದ್ದ. ಕೆಲಸ ಒಪ್ಪಿಗೆಯಾದರೆ ಅವನೇ ಡಿಸೈನ್ ಹೆಡ್ ಎಂದು ಕರಾವಳಿ ಕಡೆಯ ಮಾಲೀಕ ಇಬ್ರಾಹಿಂ ಮಾತು ಕೊಟ್ಟಿದ್ದರು.

ಮಾಧ್ವರ ಮನೆಯಲ್ಲಿ ಹುಟ್ಟಿದ ತಿರುಮಲೇಶನಿಗೆ ಬೃಂದಾವನವೆಂದರೆ ಯತಿಗಳ ಸಮಾಧಿಯ ಮೇಲಿನ ಕಲ್ಲಿನ ಕಟ್ಟೆ. ನಕ್ಷೆ ಬರೆಯುವ ರಾಕೇಶನಿಗೆ ಅವನು ಫೋನಿನಲ್ಲಿ, "ಸನ್ಯಾಸಿಗಳಿಗೆ ತಾನೇ ಕಣಯ್ಯಾ, ಒಂದು ಬೃಂದಾವನ ಮಾಡಿಬಿಡು, ಖಲಾಸ್" ಎಂದಿದ್ದ; ಆಮೇಲೆ ನಕ್ಷೆ ನೋಡುವ ಗೋಜಿಗೂ ಹೋಗಿರಲಿಲ್ಲ. ಈಗ ಪಕ್ಕದಲ್ಲೇ ಕೂತಿದ್ದ ರಾಕೇಶ್ ಮಂಡ್ಯದವನು. ಕೆಆರ್‌ಎಸ್ ಅಣೆಕಟ್ಟೆಯ ಕೆಳಗಿನದಲ್ಲದೆ ಜಗತ್ತಿನಲ್ಲಿ ಇನ್ನೊಂದು ಬೃಂದಾವನವಿದೆಯೆಂದು ಬ್ರಹ್ಮನೇ ಬಂದು ಹೇಳಿದ್ದರೂ ಅವನು ನಂಬುತ್ತಿರಲಿಲ್ಲ.

ಇಬ್ರಾಹಿಂ ಮೈಕ್ ಬಂದ್ ಮಾಡಿ, "ಎಂತ ಮಾರಾಯ್ರೆ ಇದು? ಪ್ಲೇಗಲ್ಲಿ ಸತ್ತವರಿಗೆ ಮ್ಯೂಸಿಕ್ಕಾ?" ಎಂದರು.

ಹೆಡ್ ಕುರ್ಚಿ ಕಾರಂಜಿಯಲ್ಲಿ ಕೊಚ್ಚಿಹೋಗುವುದನ್ನು ತಿರುಮಲೇಶ್ ಕಣ್ಣಾರೆ ಕಂಡ. ಗಬಕ್ಕನೆ ಮೈಕ್ ಹಾಕಿ, ಇದರ ಒಂದೊಂದು ಗೆರೆಯೂ ರಾಕೇಶನದೇ, ತನ್ನ ಕಿರುಬೆರಳೂ ಇದಕ್ಕೆ ಸೋಕಿಲ್ಲ ಎಂದು ಇಂಗ್ಲಿಷಿನಲ್ಲಿ ಒಮ್ಮೆ, ಖಾತ್ರಿಗಿರಲೆಂದು ಹಿಂದಿಯಲ್ಲಿ ಇನ್ನೊಮ್ಮೆ, ತಾಯಿಯ ಮೇಲೆ ಆಣೆಯಿಟ್ಟು ಹೇಳಿದ.

ಪರದೆಯಾಚೆಯ ವೃದ್ಧರು ನಕ್ಷೆಯತ್ತ ಬಗ್ಗಿ ನೋಡಿದರು. ಆಮೇಲೆ ಕನ್ನಡಕ ತೆಗೆದು, ನಿಮ್ಮ ಕಡೆ ಇಂಥ ಜಾಗಕ್ಕೆ ಜನ ಬರುತ್ತಾರೆಯೇ ಎಂದು ರಾಕೇಶನನ್ನೇ ಕೇಳಿದರು.

ಬಸ್ಸು ಮಾಡಿಕೊಂಡು ಬರುತ್ತಾರೆ ಫಾದರ್, ಹೆಂಡತಿ ಮಕ್ಕಳ ಸಮೇತ, ಭಾನುವಾರ ಕಾಲಿಡಲೂ ಜಾಗವಿರುವುದಿಲ್ಲ ಎಂದು ರಾಕೇಶ್ ಊರಿನ ಅಭಿಮಾನದಿಂದ ಹೇಳಿದ.

"ನಮ್ಮವರ ಹತ್ತಿರ ಯಾರೂ ಬರೋದಿಲ್ಲ," ಎಂದರು ವೃದ್ಧರು. "ಅವತ್ತು ರೋಗಕ್ಕೆ ಹೆದರಿದರು. ಆಮೇಲೆ ಅದೇ ರೂಢಿಯಾಯಿತು. ಹೀಗೇ ಕಟ್ಟಿಕೊಡಿ."

ಕರೆ ಮುಗಿಯಿತು. ಬೃಂದಾವನ ಎಂಬ ಮಾತು ಮೊದಲು ಹೊರಟಿದ್ದು ತನ್ನ ಬಾಯಿಂದಲೇ ಎಂದು ತಿರುಮಲೇಶ್ ಶುರುಮಾಡಿದ. ಇಬ್ರಾಹಿಂ ರಾಕೇಶನ ಹೆಗಲ ಮೇಲೆ ಕೈಯಿಟ್ಟರು.

"ಹೆಡ್ ಇವರು. ಹೆಡ್ಡ ಯಾರೂಂತ ನಾನು ಹೇಳ್ಬೇಕಾ ಮಾರಾಯ್ರೆ?"